ಎಂಬತ್ತು ವರ್ಷದ ಗಡಿ ದಾಟುವ ಮುನ್ನ: ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡಿರುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಮಾಡಿಕೊಂಡಿರುವ ಕನ್ನಡ ಬಂಧುಗಳಿಗೆ,

ನಮಸ್ಕಾರ.

"ಹೊಸ ಕಾಯ್ದೆ ಬಂದಿದೆಯಂತೆ, 990 ವರ್ಷ ಸಿಗುತ್ತದಂತೆ, ಈಗಲೇ ಯಾಕೆ ದುಡ್ಡು ಸುರಿಯಬೇಕು, ಕಾಯೋಣ." ಲೀಸ್‌ಹೋಲ್ಡ್, ಅಂದರೆ ಇಂತಿಷ್ಟು ವರ್ಷಕ್ಕೆ ಮಾತ್ರ ಕೊಂಡ ಫ್ಲ್ಯಾಟಿನ ಅವಧಿ ವಿಸ್ತರಿಸುವ ಮಾತು ಬಂದಲ್ಲೆಲ್ಲ ಈಗ ಇದೇ ಸಲಹೆ ಕೇಳುತ್ತದೆ. ಕೆಲವರ ಮಟ್ಟಿಗೆ ಈ ಸಲಹೆ ಸರಿ. ಆದರೆ ಲೀಸ್‌ನಲ್ಲಿ 80 ವರ್ಷಕ್ಕಿಂತ ತುಸುವೇ ಹೆಚ್ಚು ಉಳಿದಿರುವವರಿಗೆ ಇದು ನಷ್ಟದ ಸಲಹೆ. ನೀವು ಯಾವ ಗುಂಪಿನವರು ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಅದಕ್ಕಾಗಿಯೇ ಈ ಪತ್ರ.

ಮೊದಲು ನಿಮ್ಮ ದಿನಾಂಕ ನೋಡಿಕೊಳ್ಳಿ. ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ಜಾಲತಾಣದಲ್ಲಿ 7 ಪೌಂಡ್ ಕಟ್ಟಿದರೆ ನಿಮ್ಮ ಫ್ಲ್ಯಾಟಿನ ಟೈಟಲ್ ರಿಜಿಸ್ಟರ್ ಸಿಗುತ್ತದೆ. ಅದರಲ್ಲಿ ಲೀಸ್ ಬರೆದ ತಾರೀಖು, ಎಷ್ಟು ವರ್ಷ, ಯಾವತ್ತಿನಿಂದ ಎಂಬ ಮೂರು ಸಂಗತಿ ಇರುತ್ತವೆ. ಬಹಳ ಜನ ಎಡವುವುದು ಮೂರನೆಯದರಲ್ಲಿ. ನೀವು ಫ್ಲ್ಯಾಟ್ ಕೊಂಡ ದಿನಕ್ಕೂ ಲೀಸಿನ ಲೆಕ್ಕಕ್ಕೂ ಸಂಬಂಧವಿಲ್ಲ. ಲೀಸಿಗೆ ಸಹಿ ಬಿದ್ದ ದಿನಕ್ಕೂ ಹಲವು ಸಲ ಸಂಬಂಧ ಇರುವುದಿಲ್ಲ. ಕಟ್ಟಡದ ಎಲ್ಲ ಫ್ಲ್ಯಾಟ್‌ಗಳಿಗೂ ಒಂದೇ ದಿನದಿಂದ ಲೆಕ್ಕ ಇರಲಿ ಎಂದು ಬಿಲ್ಡರ್‌ಗಳು ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25, ಈ ಹಳೆಯ ತ್ರೈಮಾಸಿಕ ದಿನಗಳಲ್ಲಿ ಒಂದನ್ನು ಹಿಡಿದು ಅವಧಿ ಶುರು ಮಾಡುವುದುಂಟು. ನಿಮ್ಮದು "2008ರ ಮಾರ್ಚ್ 25ರಿಂದ 99 ವರ್ಷ" ಎಂದಿದ್ದರೆ, ನೀವು ಕೊಂಡಿದ್ದು 2015ರಲ್ಲಾಗಲಿ 2021ರಲ್ಲಾಗಲಿ, ಅದು ಮುಗಿಯುವುದು 2107ರ ಮಾರ್ಚ್‌ನಲ್ಲಿ. 2027ರ ಮಾರ್ಚ್ 25ಕ್ಕೆ ಅದು 80 ವರ್ಷಕ್ಕೆ ಇಳಿಯುತ್ತದೆ. ನಿಮ್ಮ ಗಡಿ ಯಾವ ದಿನ ಎಂದು ಲೆಕ್ಕ ಹಾಕಿ, ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಬೆಂಗಳೂರಿನ ಭೋಗ್ಯದ ಹಾಗೆ ಅವಧಿ ಮುಗಿದ ಮೇಲೆ ಕೊಟ್ಟ ದುಡ್ಡು ಕೈಗೆ ಬರುವ ವ್ಯವಸ್ಥೆ ಇದಲ್ಲ. ಲೀಸ್ ಮುಗಿದರೆ ಫ್ಲ್ಯಾಟ್ ಫ್ರೀಹೋಲ್ಡರನದು, ಅಂದರೆ ಜಾಗ ಮತ್ತು ಕಟ್ಟಡದ ಮೂಲ ಮಾಲೀಕನದು. ಅವಧಿ ಸವೆದಂತೆ ನಿಮ್ಮ ಆಸ್ತಿಯ ಬೆಲೆಯೂ ಸವೆಯುತ್ತದೆ. 80ಕ್ಕಿಂತ ಕೆಳಗಿಳಿದಾಗ ಕೊಳ್ಳುವವರು ಚೌಕಾಸಿ ಶುರು ಮಾಡುತ್ತಾರೆ. 70ರ ಹತ್ತಿರ ಬಂದರೆ ಮಾರ್ಟ್‌ಗೇಜ್ ಕೊಡುವವರ ಪಟ್ಟಿ ಚಿಕ್ಕದಾಗುತ್ತ ಹೋಗುತ್ತದೆ.

80 ವರ್ಷದಲ್ಲಿ ಅಂಥದ್ದೇನಿದೆ? 1993ರ ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆಯ ಪ್ರಕಾರ ಫ್ಲ್ಯಾಟಿನ ಮಾಲೀಕರು ಹಕ್ಕಿನಿಂದ ಕೇಳಬಹುದಾದದ್ದು ಇಷ್ಟು: ಉಳಿದಿರುವ ಅವಧಿಯ ಮೇಲೆ ಇನ್ನೂ 90 ವರ್ಷ, ಮತ್ತು ಫ್ರೀಹೋಲ್ಡರಿಗೆ ವರ್ಷ ವರ್ಷ ಕಟ್ಟುವ ಗ್ರೌಂಡ್ ರೆಂಟ್ ಸೊನ್ನೆ. ಕಾನೂನಿನ ಭಾಷೆಯಲ್ಲಿ ಅದು ಸೊನ್ನೆಯಲ್ಲ, ಒಂದು ಮೆಣಸಿನ ಕಾಳು. ಅದನ್ನೂ ಯಾರೂ ಕೇಳಲು ಬರುವುದಿಲ್ಲ. ಇದಕ್ಕೆ ಪ್ರತಿಯಾಗಿ ಫ್ರೀಹೋಲ್ಡರಿಗೆ ಕೊಡುವ ಹಣವೇ ಪ್ರೀಮಿಯಂ. ಅದರಲ್ಲಿ ಎರಡು ಭಾಗ ಎಲ್ಲರಿಗೂ ಇದ್ದದ್ದೇ. ಮುಂದೆ ಬರಬೇಕಿದ್ದ ಗ್ರೌಂಡ್ ರೆಂಟ್‌ನ ಇಂದಿನ ಬೆಲೆ ಒಂದು. ಲೀಸ್ ಮುಗಿದಾಗ ಫ್ಲ್ಯಾಟ್ ವಾಪಸ್ ಬರುತ್ತಿತ್ತಲ್ಲ, ಅದರ ಇಂದಿನ ಬೆಲೆ ಇನ್ನೊಂದು. ವಿಸ್ತರಣೆ ಕೇಳಿ ಫ್ರೀಹೋಲ್ಡರಿಗೆ ನೋಟಿಸ್ ಕೊಟ್ಟ ದಿನ 80 ವರ್ಷ ಮೀರಿ ಉಳಿದಿರದಿದ್ದರೆ ಮೂರನೆಯದೂ ಸೇರಿಕೊಳ್ಳುತ್ತದೆ. ಅದರ ಹೆಸರು ಮ್ಯಾರೇಜ್ ವ್ಯಾಲ್ಯೂ. ಲೀಸ್ ವಿಸ್ತರಣೆಯಾದ ಮೇಲೆ ಒಟ್ಟಾರೆ ಬೆಲೆ ಎಷ್ಟು ಏರುತ್ತದೋ ಅದರಲ್ಲಿ ಸರಿಯಾಗಿ ಅರ್ಧ ಫ್ರೀಹೋಲ್ಡರಿಗೆ ಹೋಗುತ್ತದೆ.

ಅಂಕಿಯಲ್ಲಿ ನೋಡೋಣ. ಫ್ಲ್ಯಾಟಿನ ಫ್ರೀಹೋಲ್ಡ್ ಬೆಲೆ (ಲೀಸಿನ ಮಿತಿಯೇ ಇಲ್ಲದಿದ್ದರೆ ಬರುವ ಬೆಲೆ) 3,00,000 ಪೌಂಡ್, ಲೀಸ್ ವಿಸ್ತರಿಸಿದ ಮೇಲಿನ ಬೆಲೆ 2,97,000, ಗ್ರೌಂಡ್ ರೆಂಟ್ ವರ್ಷಕ್ಕೆ 100 ಪೌಂಡ್, ಅದು ಏರುವುದಿಲ್ಲ ಎಂದಿಟ್ಟುಕೊಳ್ಳಿ. ಮುಂದೆ ಬರುವ ಫ್ಲ್ಯಾಟಿನ ಬೆಲೆಯನ್ನು ಇಂದಿಗೆ ಇಳಿಸಲು 5% ದರ ಬಳಸಬೇಕೆಂದು 2006ರಲ್ಲಿ ಸ್ಪೋರ್ಟೆಲ್ಲಿ (Sportelli) ಎಂಬ ಪ್ರಕರಣದ ತೀರ್ಪು ಹೇಳಿತು. ಇಂದಿಗೂ ಸರ್ವೇಯರ್‌ಗಳು, ಅಂದರೆ ಆಸ್ತಿಗೆ ಬೆಲೆ ಕಟ್ಟುವವರು, ಹಿಡಿಯುವುದು ಅದನ್ನೇ. ಗ್ರೌಂಡ್ ರೆಂಟಿಗೆ ಇಲ್ಲಿ 6% ಹಿಡಿದಿದ್ದೇವೆ. 81 ವರ್ಷ ಉಳಿದಿದ್ದರೆ ಗ್ರೌಂಡ್ ರೆಂಟ್ ಭಾಗ ಸುಮಾರು 1,650, ಫ್ಲ್ಯಾಟ್ ಭಾಗ ಸುಮಾರು 5,765. ಚಿಲ್ಲರೆ ಕಳೆದು ಒಟ್ಟು 7,350 ಪೌಂಡ್‌ನ ಆಸುಪಾಸು. ಅದೇ ಫ್ಲ್ಯಾಟಿಗೆ 78 ವರ್ಷ ಉಳಿದಿದ್ದರೆ ಮೊದಲ ಎರಡು ಭಾಗ ಸೇರಿ 8,240. ಆ ಲೀಸಿನ ಬೆಲೆ ಫ್ರೀಹೋಲ್ಡಿನ 94% ಎಂದು ಇಬ್ಬರೂ ಒಪ್ಪಿದರೆ ಮ್ಯಾರೇಜ್ ವ್ಯಾಲ್ಯೂ ಪಾಲು 3,380 ಕೂಡಿ ಒಟ್ಟು 11,620. 70 ವರ್ಷ ಉಳಿದು, ಬೆಲೆ 88%ಗೆ ಇಳಿದಿದ್ದರೆ ಒಟ್ಟು ಸುಮಾರು 22,190. ಅದರಲ್ಲಿ 10,800ಕ್ಕೂ ಹೆಚ್ಚು ಮ್ಯಾರೇಜ್ ವ್ಯಾಲ್ಯೂ ಒಂದೇ. ಈ 94, 88 ಎಂಬ ಶೇಕಡಾವಾರುಗಳ ಮೇಲೆಯೇ ಇಬ್ಬರ ಸರ್ವೇಯರ್‌ಗಳು ಜಗ್ಗಾಡುವುದು. ಉಳಿದದ್ದು ಬಹುಪಾಲು ಬರೀ ಗಣಿತ.

ಈಗ ಕಾಯುವ ಪ್ರಶ್ನೆ. 2024ರ ಮೇ 24ರಂದು ಅಂಕಿತ ಬಿದ್ದ ಲೀಸ್‌ಹೋಲ್ಡ್ ಮತ್ತು ಫ್ರೀಹೋಲ್ಡ್ ಸುಧಾರಣಾ ಕಾಯ್ದೆ 90ರ ಬದಲು 990 ವರ್ಷ ಕೊಡುತ್ತದೆ, ಮ್ಯಾರೇಜ್ ವ್ಯಾಲ್ಯೂ ತೆಗೆದುಹಾಕುತ್ತದೆ, ಲೆಕ್ಕ ಹಾಕುವಾಗ ಗ್ರೌಂಡ್ ರೆಂಟನ್ನು ಫ್ಲ್ಯಾಟಿನ ಬೆಲೆಯ 0.1%ಗೆ ಮಿತಿಗೊಳಿಸುತ್ತದೆ. ಮಾತು ನಿಜ. ಆದರೆ ಇವ್ಯಾವುವೂ ಈ ಪತ್ರ ಬರೆಯುವ ಹೊತ್ತಿಗೆ ಜಾರಿಯಾಗಿಲ್ಲ. ಲೀಸ್ ವಿಸ್ತರಣೆಯ ವಿಷಯದಲ್ಲಿ ಜಾರಿಯಾದ ಮುಖ್ಯ ಬದಲಾವಣೆ ಒಂದೇ: ಫ್ಲ್ಯಾಟ್ ಕೊಂಡು ಎರಡು ವರ್ಷ ಕಳೆದಿರಬೇಕೆಂಬ ಹಳೆಯ ನಿಯಮ 2025ರ ಜನವರಿ 31ರಂದು ಹೋಯಿತು. ದೊಡ್ಡ ಫ್ರೀಹೋಲ್ಡರ್‌ಗಳು ಕಾಯ್ದೆಯ ವಿರುದ್ಧ ಹೂಡಿದ್ದ ದಾವೆಯನ್ನು ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿದೆ. ಆದರೂ 5%, 6% ಎಂದೆವಲ್ಲ, ಆ ದರಗಳನ್ನು ಹೊಸ ಪದ್ಧತಿಯಲ್ಲಿ ಸಚಿವರೇ ನಿಗದಿ ಮಾಡಬೇಕು. ದರ ಕಡಿಮೆಯಾದರೆ ಪ್ರೀಮಿಯಂ ಏರುತ್ತದೆ, ದರ ಏರಿದರೆ ಇಳಿಯುತ್ತದೆ. "ಹೊಸ ಕಾಯ್ದೆಯಲ್ಲಿ ಎಲ್ಲರಿಗೂ ಅಗ್ಗ" ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ನಮ್ಮ ಅಭಿಪ್ರಾಯ ಹೀಗಿದೆ. 80ರಿಂದ 83ರ ನಡುವೆ ಇರುವವರು ಈಗಲೇ ನೋಟಿಸ್ ಕೊಡಬೇಕು. ಕಾದರೆ ಅವರಿಗೆ ಸಿಗುವ ಲಾಭ ಬಹಳ ಕಡಿಮೆ. ಅವರ ಲೆಕ್ಕದಲ್ಲಿ ಈಗ ಮ್ಯಾರೇಜ್ ವ್ಯಾಲ್ಯೂ ಇಲ್ಲವೇ ಇಲ್ಲ, ತೆಗೆದುಹಾಕುವುದೇನನ್ನು? 81ಕ್ಕೆ 90 ಕೂಡಿದರೆ 171 ವರ್ಷ. ಮೊಮ್ಮಕ್ಕಳ ಕಾಲಕ್ಕೂ ಸಾಕು. ಗಡಿ ದಾಟಿದರೆ ಮಾತ್ರ ನಷ್ಟ ಖಂಡಿತ. 95, 100 ವರ್ಷ ಉಳಿದವರು ನಿಶ್ಚಿಂತೆಯಿಂದ ಕಾಯಬಹುದು. ಈಗಾಗಲೇ 80ಕ್ಕಿಂತ ಕೆಳಗಿರುವವರದು ಮಾತ್ರ ನಿಜವಾಗಿ ಯೋಚಿಸಬೇಕಾದ ಸ್ಥಿತಿ. ಮೇಲಿನ ಉದಾಹರಣೆಯಲ್ಲಿ 78ರಿಂದ 70ಕ್ಕೆ ಇಳಿಯುವಾಗ ಪ್ರೀಮಿಯಂ ವರ್ಷಕ್ಕೆ ಸರಾಸರಿ 1,300 ಪೌಂಡ್‌ನಷ್ಟು ಏರಿತು. 70ರಲ್ಲಿ ಇರುವವರು ಎರಡು ವರ್ಷ ಕಾದು, ಅಷ್ಟರಲ್ಲಿ ಕಾಯ್ದೆ ಜಾರಿಯಾದರೆ 10,000 ಉಳಿಸಬಹುದು. ಜಾರಿಯಾಗದಿದ್ದರೆ ಎರಡು ಮೂರು ಸಾವಿರ ಕಳೆದುಕೊಳ್ಳುತ್ತಾರೆ. ಮಾರುವ, ರೀಮಾರ್ಟ್‌ಗೇಜ್ ಮಾಡುವ ಯೋಚನೆ ಹತ್ತಿರದಲ್ಲಿ ಇಲ್ಲದಿದ್ದರೆ ಈ ಜೂಜು ಆಡಬಹುದಾದದ್ದೇ. ಇದ್ದರೆ ಬೇಡ. ಪ್ರತಿ ಹತ್ತು ವರ್ಷಕ್ಕೆ ಗ್ರೌಂಡ್ ರೆಂಟ್ ಇಮ್ಮಡಿಯಾಗುವ ಲೀಸ್ ಇರುವವರಿಗೂ ಕಾಯಲು ಒಳ್ಳೆಯ ಕಾರಣವಿದೆ: ಇವತ್ತಿನ 250 ಪೌಂಡ್ ಐವತ್ತು ವರ್ಷದಲ್ಲಿ 8,000 ಆಗುತ್ತದೆ, ಆ ಏರಿಕೆಯೆಲ್ಲ ಈಗಿನ ಲೆಕ್ಕದಲ್ಲಿ ಪ್ರೀಮಿಯಂಗೆ ಸೇರುತ್ತದೆ, ಹೊಸ ಲೆಕ್ಕದಲ್ಲಿ 0.1%ಗೆ ನಿಲ್ಲುತ್ತದೆ.

ನೋಟಿಸ್ ಕೊಡುವುದೆಂದು ತೀರ್ಮಾನವಾದರೆ, ಮೊದಲು ಸರ್ವೇಯರ್, ಆಮೇಲೆ ಸಾಲಿಸಿಟರ್. ಮನೆ ಕೊಳ್ಳುವಾಗ ಇದ್ದ ಕನ್ವೇಯನ್ಸರ್ ಇದಕ್ಕೆ ಸಾಲದು; ಲೀಸ್ ವಿಸ್ತರಣೆಯನ್ನೇ ಮಾಡುವವರ ಸಂಘ ಆಲೆಪ್, ಅದರ ಸದಸ್ಯರಲ್ಲಿ ಹುಡುಕಿ. ಅದಕ್ಕೂ ಮುಂಚೆ ಸರ್ಕಾರದ ಹಣದಲ್ಲಿ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ನಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ. ಸರ್ವೇಯರ್ ಮನೆಗೆ ಬಂದಾಗ ನಿಮ್ಮ ಖರ್ಚಿನಲ್ಲಿ ಮಾಡಿಸಿದ ಸುಧಾರಣೆಗಳನ್ನು ತೋರಿಸಿ, ಬಿಲ್ ಇದ್ದರೆ ಕೊಡಿ. ಅವುಗಳಿಂದ ಏರಿದ ಬೆಲೆಯನ್ನು ಪ್ರೀಮಿಯಂ ಲೆಕ್ಕದಿಂದ ಬಿಡಬೇಕೆಂದು ಕಾನೂನೇ ಹೇಳುತ್ತದೆ. ಕೇಳಿದ್ದರೂ ತೋರಿಸದೆ ಬಿಡುವವರು ಬಹಳ.

1993ರ ಕಾಯ್ದೆಯಡಿ ವಿಸ್ತರಣೆ ಕೇಳುವ ಈ ನೋಟಿಸ್‌ಗೆ ಸೆಕ್ಷನ್ 42 ನೋಟಿಸ್ ಎಂದು ಹೆಸರು, ಅದೇ ಇಡೀ ವ್ಯವಹಾರದ ಬೀಗದ ಕೈ. ಅದು ಫ್ರೀಹೋಲ್ಡರಿಗೆ ಮುಟ್ಟಿದ ದಿನಕ್ಕೆ ಬೆಲೆಯ ಲೆಕ್ಕ ನಿಂತುಬಿಡುತ್ತದೆ. ಮಾತುಕತೆ ಆಮೇಲೆ ವರ್ಷ ಎಳೆದರೂ 80ರ ಗಡಿ ನಿಮ್ಮನ್ನು ಮುಟ್ಟುವುದಿಲ್ಲ. ಹಾಗೆಂದು ಕೊನೆಯ ವಾರದವರೆಗೆ ಕಾಯಬೇಡಿ, ತಪ್ಪಾದ ನೋಟಿಸ್ ಮತ್ತೆ ಕೊಡಲು ಸಮಯವಿರಲಿ. ತಪ್ಪಾಗುವ ಜಾಗಗಳು ಹೆಚ್ಚುಕಡಿಮೆ ಇವೇ: ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಫ್ಲ್ಯಾಟ್ ಇದ್ದು ಒಬ್ಬರ ಹೆಸರಲ್ಲೇ ನೋಟಿಸ್ ಹೋಗುವುದು, ಫ್ರೀಹೋಲ್ಡರಿಗೆ ಬದಲು ಮ್ಯಾನೇಜಿಂಗ್ ಏಜೆಂಟಿಗೆ ಕಳಿಸುವುದು, ಫ್ರೀಹೋಲ್ಡರಿಗೂ ನಿಮಗೂ ನಡುವೆ ಇನ್ನೊಬ್ಬರ ಲೀಸ್ (ಹೆಡ್ ಲೀಸ್) ಇರುವುದನ್ನು ನೋಡದೆ ಯಾರು ನಿಜವಾದ ಲ್ಯಾಂಡ್‌ಲಾರ್ಡ್ ಎಂದು ತಪ್ಪು ತಿಳಿಯುವುದು, ಲೀಸಿನಲ್ಲಿ ಪಕ್ಷವಾಗಿರುವ ಮ್ಯಾನೇಜ್‌ಮೆಂಟ್ ಕಂಪನಿಗೆ ಪ್ರತಿ ಕೊಡದಿರುವುದು. ಫ್ರೀಹೋಲ್ಡಿನ ಟೈಟಲ್ ರಿಜಿಸ್ಟರನ್ನೂ ತೆಗೆದು ನೋಡಿದರೆ ಇವುಗಳಲ್ಲಿ ಹೆಚ್ಚಿನವು ಮೊದಲೇ ಗೊತ್ತಾಗುತ್ತವೆ.

ನೋಟಿಸ್‌ನಲ್ಲಿ ನೀವು ಕೊಡಲು ಸಿದ್ಧವಿರುವ ಮೊತ್ತ ಬರೆಯಲೇಬೇಕು. ಅದು ಚೌಕಾಸಿಯ ಮೊದಲ ಮಾತು, ಕಡಿಮೆ ಇರಲಿ. ಆದರೆ ತಮಾಷೆಯ ಅಂಕಿ ಬೇಡ. ಲಕ್ಷಗಟ್ಟಲೆ ಬೆಲೆಬಾಳುವುದಕ್ಕೆ 100 ಪೌಂಡ್ ಎಂದು ಬರೆದ ನೋಟಿಸ್ ಅನೂರ್ಜಿತ ಎಂದು ಮೇಲ್ಮನವಿ ನ್ಯಾಯಾಲಯ 1998ರಲ್ಲೇ ಹೇಳಿಬಿಟ್ಟಿದೆ. ಸರ್ವೇಯರ್ ಸಮರ್ಥಿಸಿಕೊಳ್ಳಬಹುದಾದ ಕನಿಷ್ಠ ಮೊತ್ತ ಹಾಕಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ನಿಮ್ಮ ನೋಟಿಸ್‌ನಲ್ಲಿ ಬರೆದ ಗಡುವಿನೊಳಗೆ ಫ್ರೀಹೋಲ್ಡರ್ ಕೌಂಟರ್ ನೋಟಿಸ್, ಅಂದರೆ ಉತ್ತರದ ನೋಟಿಸ್, ಕೊಡಲು ಮರೆತರೆ, ನೀವು ಆರು ತಿಂಗಳೊಳಗೆ ಕೌಂಟಿ ಕೋರ್ಟಿಗೆ ಹೋಗಿ ನಿಮ್ಮ ನೋಟಿಸ್‌ನಲ್ಲಿದ್ದ ಬೆಲೆಗೇ ಲೀಸ್ ಪಡೆಯಬಹುದು.

ಕೌಂಟರ್ ನೋಟಿಸಿಗೆ ಕೊಡುವ ಗಡುವು ಕನಿಷ್ಠ ಎರಡು ತಿಂಗಳು. ಅಷ್ಟರಲ್ಲಿ ಅವರು ನಿಮ್ಮಿಂದ ಠೇವಣಿ ಕೇಳಬಹುದು: ನೀವು ಬರೆದ ಮೊತ್ತದ 10% ಅಥವಾ 250 ಪೌಂಡ್, ಯಾವುದು ಹೆಚ್ಚೋ ಅದು. ನಿಮ್ಮ ಮಾಲೀಕತ್ವದ ದಾಖಲೆ ಕೇಳಿದರೆ 21 ದಿನದೊಳಗೆ ಕೊಡಬೇಕು. ಅವರ ಸರ್ವೇಯರಿಗೆ ಒಳಗೆ ಬಂದು ನೋಡಲು ಬಿಡಬೇಕು, ಬಾಡಿಗೆದಾರರಿಗೆ ಮೊದಲೇ ಹೇಳಿಡಿ.

ಕೌಂಟರ್ ನೋಟಿಸ್ ಬಂದ ಮೇಲಿನ ಕಾಲಮಿತಿಯೇ ಅತ್ಯಂತ ಅಪಾಯದ್ದು. ಬೆಲೆ ಒಪ್ಪಿಗೆಯಾಗದಿದ್ದರೆ ಆ ನೋಟಿಸ್‌ನ ದಿನದಿಂದ ಎರಡು ತಿಂಗಳಾದ ಮೇಲೆ, ಆರು ತಿಂಗಳೊಳಗೆ, ಇಂಥ ತಕರಾರು ತೀರಿಸುವ ಟ್ರೈಬ್ಯೂನಲ್‌ಗೆ (ಇಂಗ್ಲೆಂಡಿನಲ್ಲಿ ಅದು ಫಸ್ಟ್ ಟಿಯರ್ ಟ್ರೈಬ್ಯೂನಲ್) ಅರ್ಜಿ ಹಾಕಬೇಕು. "ಇನ್ನೇನು ಒಪ್ಪಂದ ಆಗಿಬಿಡುತ್ತದೆ, ಇಮೇಲ್ ಓಡಾಡುತ್ತಿದೆ" ಎಂದು ಸುಮ್ಮನಿದ್ದು ಆರನೇ ತಿಂಗಳು ದಾಟಿದರೆ ನಿಮ್ಮ ನೋಟಿಸ್ ವಾಪಸ್ ಪಡೆದಂತೆ. ಅವರ ಖರ್ಚು ನೀವೇ ಕೊಡಬೇಕು, 12 ತಿಂಗಳು ಹೊಸ ನೋಟಿಸ್ ಕೊಡುವ ಹಾಗಿಲ್ಲ, ಕೊಡುವ ಹೊತ್ತಿಗೆ 80ರ ಗಡಿ ದಾಟಿರಲೂಬಹುದು. ಅರ್ಜಿ ಹಾಕಿದರೆ ಜಗಳಕ್ಕೆ ಇಳಿದಂತೆ ಎಂದು ನಮ್ಮವರು ಹಿಂಜರಿಯುತ್ತಾರೆ. ಹಾಗೇನಿಲ್ಲ. ಅರ್ಜಿ ಹಾಕಿ ಹಕ್ಕು ಕಾಪಾಡಿಕೊಂಡು ಮಾತುಕತೆ ಮುಂದುವರಿಸುವುದು ಇಲ್ಲಿ ಮಾಮೂಲು. ಹೆಚ್ಚಿನವು ವಿಚಾರಣೆಗೆ ಮೊದಲೇ ಬಗೆಹರಿಯುತ್ತವೆ. ಷರತ್ತುಗಳು ಒಪ್ಪಿಗೆಯಾದ ಮೇಲೂ ಗಡಿಯಾರ ನಿಲ್ಲುವುದಿಲ್ಲ. ಎರಡು ತಿಂಗಳಲ್ಲಿ ಹೊಸ ಲೀಸ್ ಬರೆಯದಿದ್ದರೆ, ಅದರ ನಂತರದ ಎರಡು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು.

ನೋಟಿಸ್ ಕೊಟ್ಟ ಕೂಡಲೇ ಅದನ್ನು ಫ್ರೀಹೋಲ್ಡಿನ ಟೈಟಲ್ ಮೇಲೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಮೂದು ಮಾಡಿಸಿ. ನಡುವೆ ಫ್ರೀಹೋಲ್ಡ್ ಮಾರಾಟವಾಗಿ ಹೊಸಬರು ಬಂದರೆ, ನಮೂದಿಲ್ಲದ ನೋಟಿಸ್ ಅವರನ್ನು ಕಟ್ಟಿಹಾಕುವುದಿಲ್ಲ. ಸಾಲಿಸಿಟರ್ ಮಾಡಿದ್ದಾರೆಂದು ಊಹಿಸದೆ ಕೇಳಿ ಖಚಿತ ಮಾಡಿಕೊಳ್ಳಿ.

ಖರ್ಚಿನಲ್ಲಿ ನಾಲ್ಕು ಬಿಲ್ ಇರುತ್ತವೆ: ನಿಮ್ಮ ಸರ್ವೇಯರ್, ನಿಮ್ಮ ಸಾಲಿಸಿಟರ್, ಅವರ ಸರ್ವೇಯರ್, ಅವರ ಸಾಲಿಸಿಟರ್. ಹೌದು, ಅವರದನ್ನೂ ನೀವೇ ಕೊಡಬೇಕು. 2024ರ ಕಾಯ್ದೆ ಇದನ್ನೂ ಬದಲಿಸಲಿದೆ, ಈಗ ಮಾತ್ರ ಹಳೆಯದೇ. ಆದರೆ ನಿಮ್ಮ ಹಕ್ಕಿನ ಪರಿಶೀಲನೆ, ಬೆಲೆ ಕಟ್ಟುವಿಕೆ, ಹೊಸ ಲೀಸಿನ ಬರವಣಿಗೆ, ಈ ಮೂರಕ್ಕೆ ತಗಲುವ ನ್ಯಾಯವಾದ ಖರ್ಚು ಅಷ್ಟೇ. ಚೌಕಾಸಿಗೆ, ಟ್ರೈಬ್ಯೂನಲ್‌ಗೆ ಅವರು ಕಳೆದ ಗಂಟೆಗಳನ್ನು ನಿಮ್ಮ ಮೇಲೆ ಹಾಕುವಂತಿಲ್ಲ. ಬಿಲ್ ಬಂದಾಗ ಗಂಟೆವಾರು ವಿವರ ಕೇಳಿ. ಸರ್ವಿಸ್ ಚಾರ್ಜ್ ಬಾಕಿ ಇದ್ದರೂ ನೋಟಿಸ್ ಕೊಡಬಹುದು, ಆದರೆ ಹೊಸ ಲೀಸಿಗೆ ಸಹಿ ಬೀಳುವಾಗ ಬಾಕಿ ತೀರಿರಬೇಕು. ಪ್ರೀಮಿಯಂ 40,000 ಪೌಂಡ್ ಮುಟ್ಟಿದರೆ ಸ್ಟ್ಯಾಂಪ್ ಡ್ಯೂಟಿಯ ಬಗ್ಗೆ, ಅದರಲ್ಲೂ ಫ್ಲ್ಯಾಟ್ ಬಾಡಿಗೆಗೆ ಕೊಟ್ಟವರು ಮತ್ತು ಭಾರತದಲ್ಲಿರುವವರು, ಮೊದಲೇ ಬರಹದಲ್ಲಿ ಸಲಹೆ ಪಡೆಯಿರಿ.

ಈ ನಡುವೆ ಫ್ರೀಹೋಲ್ಡರಿಂದಲೇ ಒಂದು ಸಿಹಿಯಾದ ಪತ್ರ ಬರಬಹುದು. "ಸಾಲಿಸಿಟರ್, ಸರ್ವೇಯರ್ ರಗಳೆ ಬೇಡ, ನಿಮ್ಮ ಲೀಸನ್ನು ಮತ್ತೆ 125 ವರ್ಷಕ್ಕೆ ಏರಿಸಿಕೊಡುತ್ತೇವೆ, 28 ದಿನದಲ್ಲಿ ತಿಳಿಸಿ." ಮೊತ್ತವೂ ಕಡಿಮೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. 79 ವರ್ಷ ಉಳಿದವರಿಗೆ ಅದು ಕೊಡುವುದು ಹೆಚ್ಚುವರಿ 46 ವರ್ಷ. ಕಾಯ್ದೆಯ ದಾರಿಯಲ್ಲಿ 90. 2022ರ ಜೂನ್ 30ರ ನಂತರ ಹೆಚ್ಚುವರಿ ಅವಧಿಗೆ ಗ್ರೌಂಡ್ ರೆಂಟ್ ಹಾಕುವಂತಿಲ್ಲ, ಸರಿ. ಆದರೆ ಹಳೆಯ 79 ವರ್ಷಕ್ಕೆ ಹಳೆಯ ಬಾಡಿಗೆ ಮುಂದುವರಿಸಬಹುದು, ಇಂಥ ಪತ್ರಗಳು ಅದನ್ನೇ ಮಾಡುತ್ತವೆ. ಜೊತೆಗೆ ನಾಯಿ ಸಾಕಲು, ಬಾಡಿಗೆಗೆ ಕೊಡಲು ಶುಲ್ಕ ಎಂಬಂಥ ಹೊಸ ಷರತ್ತುಗಳು ನುಸುಳುತ್ತವೆ. ಮಾರ್ಟ್‌ಗೇಜ್ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇದೆಲ್ಲ ನೋಡಿಯೂ ಒಪ್ಪಂದ ಲಾಭವೆನಿಸಿದರೆ ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ಸೆಕ್ಷನ್ 42 ನೋಟಿಸ್ ಕೊಟ್ಟಿಟ್ಟುಕೊಂಡೇ ಮಾತಾಡಿ. ಬರೀ ಮಾತುಕತೆ ಎಷ್ಟು ಎಳೆದರೂ ಬೆಲೆಯ ದಿನ ನಿಲ್ಲುವುದಿಲ್ಲ, 80ಕ್ಕೆ ಮೂರು ತಿಂಗಳಿರುವಾಗ ಉತ್ತರಗಳು ನಿಧಾನವಾಗುವುದು ಕಾಕತಾಳೀಯವೂ ಅಲ್ಲ.

ಕರಡು ಲೀಸ್ ಕೈಗೆ ಬಂದಾಗ ಹಳೆಯ ಲೀಸಿನ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿ. ನೀವು ಕಾರು ನಿಲ್ಲಿಸುವುದು 14ನೇ ಜಾಗದಲ್ಲಿ, ಲೀಸಿನ ನಕ್ಷೆಯಲ್ಲಿ ಕೆಂಪು ಗೆರೆ ಇರುವುದು 41ಕ್ಕೆ, ಇಂಥವು ಸಿಗುತ್ತವೆ. ಹಳೆಯ ಲೀಸಿನ ದೋಷ ತಿದ್ದಿಸಿಕೊಳ್ಳಲು ಕಾಯ್ದೆ ಅವಕಾಶ ಕೊಡುವುದು ಈ ಹಂತದಲ್ಲಿ. ಈಗ ಬಿಟ್ಟರೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ ಹಿಡಿಯುತ್ತಾರೆ.

ಮಾರಲು ಹೊರಟವರಿಗೆ ಒಂದು ದಾರಿ: ವಿಸ್ತರಣೆ ಪೂರ್ತಿ ಮುಗಿಸಬೇಕಿಲ್ಲ. ನೀವು ನೋಟಿಸ್ ಕೊಟ್ಟು, ಅದರ ಹಕ್ಕನ್ನು ಫ್ಲ್ಯಾಟಿನ ಜೊತೆಗೇ ಕೊಳ್ಳುವವರಿಗೆ ವರ್ಗಾಯಿಸಬಹುದು. ಪ್ರೀಮಿಯಂ ಅವರು ಕೊಡುತ್ತಾರೆ, ಬೆಲೆಯಲ್ಲಿ ಅದಕ್ಕೆ ತಕ್ಕಂತೆ ಕಳೆದುಕೊಳ್ಳುತ್ತಾರೆ. ಷರತ್ತು ಒಂದೇ. ಲೀಸಿನ ವರ್ಗಾವಣೆ ಮತ್ತು ನೋಟಿಸ್‌ನ ವರ್ಗಾವಣೆ ಒಟ್ಟಿಗೇ ಆಗಬೇಕು. ಫ್ಲ್ಯಾಟ್ ಇವತ್ತು, ನೋಟಿಸ್ ಮುಂದಿನ ವಾರ ಎಂದರೆ ನೋಟಿಸ್ ಸತ್ತಂತೆ.

ಫ್ರೀಹೋಲ್ಡರ್ ಪತ್ತೆಯೇ ಇಲ್ಲದಿದ್ದರೂ ಹಕ್ಕು ಹೋಗುವುದಿಲ್ಲ. ಕೌಂಟಿ ಕೋರ್ಟಿನಿಂದ ಆದೇಶ ಪಡೆದು, ಟ್ರೈಬ್ಯೂನಲ್ ನಿಗದಿ ಮಾಡಿದ ಹಣವನ್ನು ಕೋರ್ಟಿಗೇ ಕಟ್ಟಿ ಲೀಸ್ ಪಡೆಯಬಹುದು. ನಿಧಾನ, ಆದರೆ ಆಗುತ್ತದೆ.

ಕೊನೆಯದಾಗಿ, ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಬೆಂಗಳೂರು, ಮೈಸೂರು, ಹುಬ್ಬಳ್ಳಿಗೆ ಮರಳಿರುವವರಿಗೆ. ಸೆಕ್ಷನ್ 42 ನೋಟಿಸಿಗೆ ನಿಮ್ಮದೇ ಸಹಿ ಬೇಕೆಂಬ ನಿಯಮವನ್ನು ಇಂಗ್ಲೆಂಡಿನ ಫ್ಲ್ಯಾಟ್‌ಗಳ ಮಟ್ಟಿಗೆ 2014ರಲ್ಲಿ ತೆಗೆದಿದ್ದಾರೆ, ಅಲ್ಲಿ ನಿಮ್ಮ ಪರವಾಗಿ ಸಾಲಿಸಿಟರ್ ಸಹಿ ಹಾಕಬಹುದು. ಹೊಸ ಲೀಸಿಗೆ ಮಾತ್ರ ಸಾಕ್ಷಿಯ ಎದುರು ನಿಮ್ಮ ಸಹಿ ಬೇಕು, ಇಲ್ಲವೇ ಮೊದಲೇ ಮಾಡಿಟ್ಟ ಪವರ್ ಆಫ್ ಅಟಾರ್ನಿ. ಅದಕ್ಕಿಂತ ಮುಖ್ಯ, ರಿಜಿಸ್ಟರಿನಲ್ಲಿ ನಿಮ್ಮ ವಿಳಾಸ ಇನ್ನೂ ಆ ಫ್ಲ್ಯಾಟಿನದೇ ಇದೆಯೇ ನೋಡಿ. ಹಾಗಿದ್ದರೆ ಲ್ಯಾಂಡ್ ರಿಜಿಸ್ಟ್ರಿಯ ನೋಟಿಸ್‌ಗಳೆಲ್ಲ ಬಾಡಿಗೆದಾರರ ಬಾಗಿಲಿಗೆ ಬೀಳುತ್ತವೆ. ಅಲ್ಲಿ ಮೂರು ವಿಳಾಸಗಳವರೆಗೆ ಕೊಡಬಹುದು, ಭಾರತದ ವಿಳಾಸವೂ ನಡೆಯುತ್ತದೆ, ಒಂದು ಇಮೇಲ್ ಆಗಿರಬಹುದು. ಸಿಒಜಿ1 ಎಂಬ ಅರ್ಜಿ ತುಂಬಿ ಕಳಿಸಿ. ಫ್ರೀಹೋಲ್ಡರಿಗೂ ಮ್ಯಾನೇಜಿಂಗ್ ಏಜೆಂಟಿಗೂ ಹೊಸ ವಿಳಾಸವನ್ನು ಬೇರೆಯಾಗಿ ಬರೆದು ತಿಳಿಸಿ, ಲ್ಯಾಂಡ್ ರಿಜಿಸ್ಟ್ರಿ ಅವರಿಗೆ ಹೇಳುವುದಿಲ್ಲ.

ಇಂತಿ ನಿಮ್ಮ,
ಇಂಗ್ಲೆಂಡಿನಲ್ಲಿ ಲೀಸ್ ವಿಸ್ತರಣೆಯ ಕೆಲಸ ಬಲ್ಲ ಕೆಲವು ಕನ್ನಡಿಗರು